ಅಂಗಳಕ್ಕೆ ಹಾಕಿಸಿದ ಕತ್ತಲು

ಫೆಬ್ರವರಿ ೧೧

ಕುಳ್ಳೀ,

ನಿನ್ನ ನಾಟಕ ಕಂಪನಿ ಈಗ ಯಾವ ಊರಿನಲ್ಲಿ ಠಿಕಾಣಿ ಹೂಡಿದೆಯೋ ತಿಳಿಯದು. ಅದಕ್ಕೇ ಇದನ್ನು ನಿಮ್ಮ ಮ್ಯಾನೇಜರರ ವಿಳಾಸಕ್ಕೆ ಹಾಕುತ್ತಿದ್ದೇನೆ, ಅವರು ತಲುಪಿಸಿಯಾರು. ಓದಿದ ಕೂಡಲೇ ಫೋನ್ ಮಾಡಬೇಡ. ಕಳೆದ ಸಲ ನಿನ್ನ ದನಿ ಕೇಳಿದ್ದೇ ತಡ, ಅತ್ತೆ ಫೋನನ್ನು ತಿರುಗಿಸಿ ಅದರ ಬೆನ್ನು ನೋಡಿದರು, ನಿನ್ನನ್ನು ಹುಡುಕಿಕೊಂಡು ಬಚ್ಚಲಿಗೆ ಹೋದರು, ಅಲ್ಲಿಲ್ಲ ಅಂತ ಬೀದಿಗೆ ಹೊರಟರು. ಅವರ ಮರೆವು ಆ ಹಂತಕ್ಕೆ ಬಂದಿದೆ. ಅಲ್ಲದೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಇಳಿಯುತ್ತೇವೆ. ಕಾಗದದಲ್ಲಾದರೆ ಒಬ್ಬಳು ಮುಗಿಸುವ ತನಕ ಇನ್ನೊಬ್ಬಳು ಬಾಯಿ ಹಾಕುವಂತಿಲ್ಲ.

ಮೊನ್ನೆ ಸಂಜೆ ಅತ್ತೆ ಮತ್ತೆ ಹೊರಟುಹೋದರು. ನಿಮ್ಮಣ್ಣ ಆಗತಾನೆ ರಾತ್ರಿ ಪಾಳಿಗೆಂದು ಪ್ರೆಸ್ಸಿಗೆ ಹೋಗಿದ್ದರು. ನಾನು ಒಳಗೆ ಯೂನಿಫಾರ್ಮುಗಳಿಗೆ ಕಾಲರ್ ಕೂರಿಸುತ್ತಿದ್ದೆ. ಮಷಿನ್ನಿನ ಸದ್ದಿನಲ್ಲಿ ಗೇಟಿನ ಸದ್ದು ಕೇಳಲಿಲ್ಲ. ಹುಡುಕಿಕೊಂಡು ಓಡಿದರೆ ಸಿಕ್ಕಿದ್ದು ದೊಡ್ಡ ರಸ್ತೆಯ ನಟ್ಟನಡುವೆ, ಕಂಕುಳಲ್ಲಿ ದಿಂಬು. ಯಾರೋ ಪುಣ್ಯಾತ್ಮ ಲಾರಿ ನಿಲ್ಲಿಸಿ, ಇಳಿದು, ಅವರ ಕೈ ಹಿಡಿದುಕೊಂಡು ನಿಂತಿದ್ದ. "ಎಲ್ಲಿಗೆ ಅಂತ ಕೇಳಿದ್ರೆ ಮನೆಗೆ ಅಂತಾರೆ, ಮನೆ ಎಲ್ಲಿ ಅಂದ್ರೆ ಕತ್ತಲಾಯ್ತಲ್ಲಪ್ಪ ಅಂತಾರೆ" ಅಂದ. ವಾಪಸ್ ಬರುವಾಗ ಅತ್ತೆಯೇ ನನ್ನನ್ನು ಹಿಡಿದುಕೊಂಡು ಕರೆತಂದರು.

ನಿಮ್ಮಣ್ಣ ಗೇಟಿಗೆ ಬೀಗ ಜಡಿದರು. ಊರೆಲ್ಲ ಸೂರೆ ಹೋದಮೇಲೆ ಕೋಟೆ ಬಾಗಿಲು. ನಿನ್ನೆ ಸಂಜೆ ಅತ್ತೆ ಆ ಬೀಗವನ್ನು ಜಗ್ಗಿ ಜಗ್ಗಿ ಉಗುರಿನ ಸಂದಿಯಲ್ಲಿ ರಕ್ತ ಬರಿಸಿಕೊಂಡರು. ನಿಮ್ಮಣ್ಣ ಅದನ್ನು ನೋಡಿ ಹೇಳಿದ ಮಾತು ಇಷ್ಟೇ: "ಇನ್ನೊಂದ್ಸಲ ಹೀಗಾದ್ರೆ ಆರೈಕೆ ಮನೆಗೆ ಸೇರಿಸಿಬಿಡೋದೇ." ಹೇಳಿ ಎದ್ದುಹೋಗಿ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ನಿಂತರು. ಅತ್ತರೋ ಏನೋ, ನಾನು ಕೇಳಲು ಹೋಗಲಿಲ್ಲ.

ತಾಳು, ಏನೋ ಸದ್ದು.

ಏನಿಲ್ಲ, ಗಾಳಿ.

ಈಗ ನಿನ್ನಿಂದ ಆಗಬೇಕಾದದ್ದು. ನಮ್ಮ ಅಂಗಳದಲ್ಲಿರುವುದು ಒಂದೇ ಒಂದು ಮಂಕು ಬಲ್ಬು. ನಾನು ಕೂತು ಹೊಲಿಯುವ ಕಡೆಯ ಕಿಟಕಿಯಿಂದ ಗೇಟು ಕಾಣುವುದಿಲ್ಲ. ಎದುರಿನ ಬೀದಿದೀಪ ಸತ್ತು ಯಾವ ಕಾಲವಾಯಿತೋ. ಹೊರಗೆಲ್ಲ ದೀಪ ಹಾಕಿಸಿಬಿಡೋಣ ಅಂತ ವೈರಿಂಗ್‌ನವನನ್ನು ಕರೆಸಿದೆ. ಅವನ ಹೆಸರು ಏನೇ ಇರಲಿ, ನಾನು ಇಟ್ಟಿರುವುದು ಗೊಣಗಪ್ಪ ಅಂತ. "ಕಂಬದ ಮೇಲಾ ಗೋಡೆ ಮೇಲಾ? ಬಿಳಿಯದಾ ಹಳದಿಯದಾ? ಸ್ವಿಚ್ಚಾ ಸೆನ್ಸರಾ?" ಅಂತ ಕೇಳುತ್ತಾನೆ, ನಾನು ಉತ್ತರ ಕೊಡುವ ಮೊದಲೇ "ನಿಮಗೆಲ್ಲಿ ಗೊತ್ತಾಗುತ್ತೆ ಬಿಡಿ" ಅನ್ನುತ್ತಾನೆ. ನೀನು ರಂಗದ ಮೇಲಿನ ರಾಜ ರಾಣಿಯರಿಗೆಲ್ಲ ದೀಪ ಬಿಡುವವಳು. ನಮ್ಮ ಅಂಗಳಕ್ಕೂ ಒಂದು ದಾರಿ ಹೇಳು. ಅಂಗಳದ ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಮನೆಯ ಎಡಕ್ಕೆ ಹಿತ್ತಲಿಗೆ ಹೋಗುವ ಓಣಿ. ಬಲಕ್ಕೂ ಓಣಿ ಇದೆ, ಆದರೆ ತಗಡು, ಮುರಿದ ಮಂಚ, ಡ್ರಮ್ಮು ತುಂಬಿ ಮುಚ್ಚಿಹೋಗಿದೆ, ನಿನಗೆ ನೆನಪಿರಬಹುದು.

ಇನ್ನೊಂದು ವಿಚಿತ್ರ ಹೇಳಲೇ? ಹೊಸಿಲ ಹತ್ತಿರ ಕಪ್ಪು ಕಾಲೊರಸು ಹಾಕಿದ್ದೆ. ಅತ್ತೆ ಅದನ್ನು ತುಳಿಯುವುದಿಲ್ಲ, ದಾಟಿ ಹಾರುತ್ತಾರೆ. ಕೇಳಿದರೆ "ಬಾವಿ ಮುಚ್ಚಿಸ್ಬಾರ್ದಾ?" ಅನ್ನುತ್ತಾರೆ. ಕಪ್ಪಗೆ ಕಂಡದ್ದೆಲ್ಲ ಅವರ ಕಣ್ಣಿಗೆ ಗುಂಡಿ. ಕಾಲೊರಸು ತೆಗೆದು ಬಿಳಿಯದು ಹಾಕಿದೆ.

ಬೇಗ ಬರೆ.

ನಿನ್ನ ಅತ್ತಿಗೆ


ಫೆಬ್ರವರಿ ೨೬

ಅತ್ತಿಗೆ,

ನಿಮ್ಮ ಕಾಗದ ನಮ್ಮನ್ನು ಹಿಂಬಾಲಿಸಿಕೊಂಡು ಎರಡು ಊರು ಸುತ್ತಿ ಬಂತು. ರಂಗದ ಹಿಂದೆ ಕೇಬಲ್ ಸುರುಳಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಆಟಕ್ಕೆ ಮುಂಚೆ ಎಲ್ಲರೂ ಕಿರುಚುತ್ತಾರೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಅಮ್ಮ ರಸ್ತೆ ಮಧ್ಯೆ ದಿಂಬು ಹಿಡಿದು ನಿಂತಿದ್ದಳು ಅನ್ನುವುದನ್ನು ಓದಿ ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ.

ಆರೈಕೆ ಮನೆ ಬೇಡ. ಅಣ್ಣನಿಗೆ ಹೇಳಿ, ಅಮ್ಮನನ್ನು ಅಲ್ಲಿಗೆ ಕಳಿಸಿದರೆ ನಾನು ಅವನ ಮುಖ ನೋಡುವುದಿಲ್ಲ.

ಮೊದಲು ಪ್ರಾಣ ಉಳಿಸುವ ಮಾತು. ಹೊರಗಿನ ವೈರು ಎಲ್ಲವೂ ಪೈಪಿನೊಳಗೇ ಹೋಗಬೇಕು, ಪೈಪು ಗುದ್ದಲಿ ತಾಗದಷ್ಟು ಆಳದಲ್ಲಿರಬೇಕು. ನೀರು ಬಿದ್ದರೂ ಒಳಗೆ ಇಳಿಯದಂಥ ದೀಪಗಳನ್ನೇ ತನ್ನಿ, ಮನೆಯೊಳಗಿನ ಹೋಲ್ಡರನ್ನು ಹೊರಗೆ ನೇತುಹಾಕಬಾರದು. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಕರೆಂಟ್ ಚೂರು ಸೋರಿದರೂ ತಟ್ಟನೆ ಕಡಿಯುತ್ತದಲ್ಲ, ಆ ಟ್ರಿಪ್ಪರ್ ಹೊರಗಿನ ಲೈನಿಗೇ ಬೇರೆ ಇರಲಿ. ಅದು ಸುಮ್ಮಸುಮ್ಮನೆ ಬೀಳುತ್ತೆ, ಬೇಡ ಅಂತ ಗೊಣಗಪ್ಪ ಅಂದೇ ಅನ್ನುತ್ತಾನೆ. ಅದು ಸುಮ್ಮನೆ ಬೀಳುವುದಿಲ್ಲ ಅಂತ ಹೇಳಿ.

ಈಗ ಬೆಳಕಿನ ಮಾತು. ಎಲ್ಲ ಕಡೆ ದೀಪ ಹಾಕಿದರೆ ಏನಾಗುತ್ತದೆ? ಅಮ್ಮನಿಗೆ ಗೇಟು ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಅತ್ತಿಗೆ, ಆ ಕಾಲೊರಸಿನ ಮಾತು ಓದಿದಾಗ ನನ್ನ ತಲೆಯಲ್ಲಿ ಫಕ್ಕನೆ ಹೊಳೆಯಿತು. ನಿಮಗೆ ಬೇಕಾಗಿರುವುದು ಬೆಳಕಲ್ಲ, ಹದವಾದ ಜಾಗದಲ್ಲಿ ಒಂದು ಕತ್ತಲು.

ಮುಂಬಾಗಿಲ ಮೇಲೆ, ಸೂರಿನ ಅಂಚಿನಲ್ಲಿ ಎತ್ತರಕ್ಕೆ ಒಂದೇ ಒಂದು ದೀಪ. ಚಿಕ್ಕದು, ಚುರುಕಾದದ್ದು, ಹಾಲಿನ ಗಾಜು ಇಲ್ಲದ್ದು. ಅದರ ಮುಂದೆ ಸ್ವಲ್ಪ ದೂರದಲ್ಲಿ ಅಡ್ಡಲಾಗಿ ಒಂದು ಹಲಗೆ. ಬಾಗಿಲ ಹತ್ತಿರ ಬೆಳಕು, ಗೇಟಿನ ಬುಡದಲ್ಲಿ ಬೆಳಕು, ನಡುವೆ ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಹಲಗೆಯ ನೆರಳು. ಬೇರೆ ಯಾವ ದೀಪವೂ ಇರಬಾರದು, ಇದ್ದರೆ ನೆರಳು ತೆಳುವಾಗುತ್ತದೆ. ನಾವು ರಂಗದ ಮೇಲೆ ಹೀಗೇ ನದಿ ಮಾಡುತ್ತೇವೆ. ಬೀಗ ಬೇಡ, ಉಗುರು ಕಿತ್ತುಕೊಳ್ಳುವುದು ಬೇಡ. ಅಮ್ಮ ತಾನಾಗಿ ನಿಂತು, ತಾನಾಗಿ ಹಿಂದಿರುಗುತ್ತಾಳೆ.

ಈ ಊರಿನ ಆಟಗಳು ಮುಗಿದ ಕೂಡಲೇ ಬರುತ್ತೇನೆ.

ನಿಮ್ಮ ಕುಳ್ಳಿ


ಮಾರ್ಚ್ ೨೦

ಕುಳ್ಳೀ,

ಗೊಣಗಪ್ಪನ ಮುಖ ನೋಡಬೇಕಿತ್ತು ನೀನು. "ಬೆಳಕು ಹಾಕೋಕೆ ಕರೆದು ಕತ್ತಲು ಹಾಕು ಅಂತೀರಲ್ಲ, ಇದಕ್ಕೆ ನಾನ್ಯಾಕೆ ಬೇಕಿತ್ತು?" ಅಂದ. ಟ್ರಿಪ್ಪರಿನ ಬಗ್ಗೆ, ಅವನು ಅಂದೇ ಅನ್ನುತ್ತಾನೆ ಅಂತ ನೀನು ಬರೆದಿದ್ದ ಮಾತನ್ನೇ ಚಾಚೂ ತಪ್ಪದೆ ಹೇಳಿದ. "ನಮ್ಮ ನಾದಿನಿ ಎಲೆಕ್ಟ್ರಿಕಲ್ ದೊಡ್ಡ ಕೆಲಸದಲ್ಲಿದ್ದಾಳೆ" ಅಂತ ಹೆದರಿಸಿ ಹಾಕಿಸಿದೆ. ಹಲಗೆಯನ್ನು ಹಿಂದೆ ಮುಂದೆ ಸರಿಸಲು ಅವನು ಏಣಿಯ ಮೇಲೆ, ಅಂಗಳದಲ್ಲಿ ಬಳಪ ಹಿಡಿದು ನಾನು. ನೆರಳಿನ ಅಂಚಿಗೆ ಗೆರೆ ಎಳೆದೆ, ಬಟ್ಟೆಗೆ ಗುರುತು ಹಾಕಿದ ಹಾಗೆ. ಹಲಗೆ ಒಂದು ಬೆರಳು ಸರಿದರೆ ನೆಲದ ಮೇಲೆ ನೆರಳು ಒಂದು ಮೊಳ ಸರಿಯುತ್ತದೆ! ನಿನ್ನ ಕೆಲಸದ ಮೇಲೆ ನನಗೆ ಇಷ್ಟು ದಿನ ಇಲ್ಲದ ಗೌರವ ಬಂತು.

ಕತ್ತಲಾಯಿತು. ದೀಪ ಹಾಕಿದೆ. ಅತ್ತೆ ದಿಂಬು ಎತ್ತಿಕೊಂಡು ಹೊರಟರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನೆರಳಿನ ಅಂಚಿಗೆ ಬಂದವರು ಗಕ್ಕನೆ ನಿಂತರು. ಉಟ್ಟ ಬಟ್ಟೆಯ ಅಂಚನ್ನು ಮೇಲೆತ್ತಿ ಹಿಡಿದು, ಕುತ್ತಿಗೆ ಚಾಚಿ ಒಳಗೆ ಬಗ್ಗಿ ನೋಡಿದರು. ಆ ತುದಿಯಿಂದ ಈ ತುದಿಗೆ ನಡೆದು ದಾಟುವ ಜಾಗ ಹುಡುಕಿದರು. "ಯಾರ್ರೀ ಇಲ್ಲಿ ತೋಡಿಟ್ಟಿರೋದು?" ಅಂತ ಯಾರನ್ನೋ ಬೈದರು. ಆಮೇಲೆ ಒಳಗೆ ಬಂದು, ದಿಂಬು ಇಟ್ಟು, ಸುಮ್ಮನೆ ಕೂತರು. ಕುಳ್ಳಿ, ಅವರು ಸುಮ್ಮನೆ ಕೂತದ್ದನ್ನು ನೋಡಿ ಎಷ್ಟು ಕಾಲವಾಗಿತ್ತು ಗೊತ್ತಾ?

ನಿಮ್ಮಣ್ಣ ಬೀಗ ತೆಗೆದುಹಾಕಿದರು. ಆರೈಕೆ ಮನೆಯ ಮಾತೂ ನಿಂತಿದೆ. ನಾನು ಗೇಟಿನ ಕಡೆ ಕಿವಿ ಇಡದೆ ಹೊಲಿಯುತ್ತಿದ್ದೇನೆ, ಮೂರು ಡಜನ್ ಅಂಗಿ ಮುಗಿಯಿತು. ನಿನಗೆ ಶಹಬ್ಬಾಸ್ ಅನ್ನಲೇಬೇಕು.

ಈಚೆಗೆ ಅವರು ನೆರಳಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ಸೆಖೆಗೆ ಇರಬೇಕು.

ಬರುತ್ತೇನೆ ಅಂದಿದ್ದೆ. ಹಾಸಿಗೆ ಬಿಸಿಲಿಗೆ ಹಾಕಿಟ್ಟಿದ್ದೇನೆ.

ನಿನ್ನ ಅತ್ತಿಗೆ


ಏಪ್ರಿಲ್ ೫

ಅತ್ತಿಗೆ,

ನಿಮ್ಮ ಕಾಗದವನ್ನು ಇಡೀ ಕಂಪನಿಗೆ ಓದಿ ಹೇಳಿದೆ. ನಮ್ಮ ನಿರ್ದೇಶಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. "ಟಿಕೆಟ್ ಕೊಟ್ಟು ಬಂದವರನ್ನ ನಂಬಿಸೋದು ದೊಡ್ಡದಲ್ಲ, ಹೆತ್ತ ತಾಯಿನ ನಂಬಿಸಿದ್ದೀಯಲ್ಲ" ಅಂದರು. ಆ ಮಾತು ಆಗ ಹೊಗಳಿಕೆಯಾಗಿಯೇ ಕೇಳಿಸಿತು. ಮಲಗುವಾಗ ಯಾಕೋ ಹಾಗೆ ಅನ್ನಿಸಲಿಲ್ಲ.

ಹೊಸ ನಾಟಕ ಕೈಗೆತ್ತಿಕೊಂಡಿದ್ದಾರೆ, ದೀಪದವಳು ಈಗ ಬಿಟ್ಟುಹೋದರೆ ಹೇಗೆ ಅಂತಾರೆ. ಮುಂದಿನ ತಿಂಗಳು ನೋಡುತ್ತೇನೆ. ಬಯ್ಯುತ್ತೀರಿ, ಗೊತ್ತು. ಬಯ್ದುಬಿಡಿ. ನನಗೆ ಒಂದೇ ಊರಿನಲ್ಲಿ ನಾಲ್ಕು ದಿನ ಇದ್ದರೆ ಅಂಗಾಲು ಉರಿಯುತ್ತದೆ. ಅಮ್ಮ ಮೊದಲು ಅದನ್ನೇ ಹೇಳಿ ಬಯ್ಯುತ್ತಿದ್ದಳು, ಈಗ ಅವಳಿಗೇ ಅದು ಹತ್ತಿಕೊಂಡಿದೆ.

ಅವಳು ನೆರಳಿನ ಹತ್ತಿರ ನಿಂತು ಏನು ಮಾಡುತ್ತಾಳೆ? ಬರೆದು ತಿಳಿಸಿ. ಸೆಖೆಗೆ ಅಂತ ಬರೆದಿದ್ದೀರಿ. ಸೆಖೆ ಆದರೆ ಜನ ಜಗಲಿಯ ಮೇಲೆ ಕೂರುತ್ತಾರೆ, ಗುಂಡಿಯ ಪಕ್ಕದಲ್ಲಿ ನಿಲ್ಲುವುದಿಲ್ಲ.

ನಿಮ್ಮ ಕುಳ್ಳಿ


ಮೇ ೧೮

ಕುಳ್ಳೀ,

ನೀನು ಕೇಳಿದ್ದೆ. ಉತ್ತರ ಬರೆಯಲು ಕೂತು ಕೂತು ಎದ್ದೆ. ಇವತ್ತು ಬರೆದೇ ಏಳುತ್ತೇನೆ.

ನಿಮ್ಮಮ್ಮ ಅಲ್ಲಿ ನಿಂತು ಕಾವಲು ಕಾಯುತ್ತಾರೆ. ಗುಂಡಿ ಇದೆಯಲ್ಲ, ಯಾರೂ ಬೀಳಬಾರದು ಅಂತ. ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಎಚ್ಚರಿಸುತ್ತಾರೆ: "ಹುಷಾರು, ಈ ಕಡೆ ಬರ್ಬೇಡಿ, ನೆಲ ಬಾಯಿ ಬಿಟ್ಟಿದೆ!" ಮೊದಮೊದಲು ಜನ ನಗುತ್ತಿದ್ದರು, ನಾನೂ ನಕ್ಕೆ. ಆಮೇಲೆ ಒಂದು ಸಂಜೆ ನಿಮ್ಮಣ್ಣ ಕೆಲಸಕ್ಕೆ ಹೊರಟರು. ಅತ್ತೆ ಅವರ ತೋಳು ಹಿಡಿದು ಜಗ್ಗಿದರು. ಅವರು ಬಿಡಿಸಿಕೊಂಡು, ಹೊತ್ತಾಯಿತು ಅಂತ ನೆರಳಿನ ಮೇಲೆ ಕಾಲಿಟ್ಟು ನಡೆದುಬಿಟ್ಟರು. ನಮಗೆ ಅದು ನೆರಳು, ಕುಳ್ಳಿ. ಅತ್ತೆಯ ಕಣ್ಣಿಗೆ ಏನು ಕಂಡಿರಬೇಕು? ಅವರಿಗೆ ಒಬ್ಬನೇ ಮಗ.

ಹೋದ ವಾರ ನನ್ನ ಸರದಿ. ಹೊಲಿದ ಬಟ್ಟೆ ಅಂಗಡಿಗೆ ಕೊಟ್ಟು, ಓಡೋಡಿ ಬರುವಷ್ಟರಲ್ಲಿ ಕತ್ತಲಾಗಿತ್ತು, ನಿಮ್ಮಣ್ಣ ದೀಪ ಹಾಕಿದ್ದರು. ತಲೆಯ ಮೇಲೆ ಕತ್ತರಿಸಿದ ಬಟ್ಟೆಯ ಗಂಟು, ಯೋಚನೆ ಎಲ್ಲೋ. ಗೇಟು ತೆಗೆದು ಸೀದಾ ನಡೆದೆ. ಅತ್ತೆ ಕಿರುಚಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ನೆರಳಿನ ಅಂಚಿನಲ್ಲಿ ನೆಲದ ಮೇಲೆ ಬೋರಲಾಗಿ ಬಿದ್ದುಕೊಂಡು, ಎರಡೂ ಕೈ ಚಾಚಿ, "ಹಿಡ್ಕೊಳೇ, ಹಿಡ್ಕೊಳೇ, ಕೈ ಕೊಡೇ!" ಅಂತ ಕೂಗುತ್ತಿದ್ದರು. ಅವರ ಮೊಣಕೈ ಸಿಮೆಂಟಿಗೆ ಉಜ್ಜಿ ಸಿಪ್ಪೆ ಎದ್ದುಹೋಯಿತು. ನಾನು ಗಂಟು ಎಸೆದು ಓಡಿಬಂದು ಅವರ ಕೈ ಹಿಡಿದೆ. ಅವರು ನನ್ನನ್ನು ಮೇಲಕ್ಕೆ ಎಳೆದುಕೊಂಡರು. ಹೌದು, ಎಳೆದುಕೊಂಡರು. ನಾನು ಸಮತಟ್ಟು ನೆಲದ ಮೇಲೆ ನಿಂತು ಗುಂಡಿಯಿಂದ ಮೇಲೆ ಬಂದೆ. ನನ್ನ ಮೈಕೈ ತಡವಿ ನೋಡಿದರು, ಕೆನ್ನೆಗೆ ಒಂದು ಏಟು ಹೊಡೆದರು, ಆಮೇಲೆ ತಬ್ಬಿಕೊಂಡರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ತಬ್ಬಿಕೊಂಡದ್ದು ಅದೇ ಮೊದಲು.

"ಸರಿ, ಒಳಗೆ ಹೋಗೋಣ ಬನ್ನಿ" ಅಂದೆ. ಬರಲೊಲ್ಲರು. "ಕುಳ್ಳಿ ಇನ್ನೂ ಬಂದಿಲ್ಲ. ಅವಳಿಗೆ ಈ ಗುಂಡಿ ಗೊತ್ತಿಲ್ಲ" ಅಂದರು.

ಅಷ್ಟು ಹೊತ್ತೂ ಅವರು ಕಾಯುತ್ತಿದ್ದದ್ದು ನಿನಗೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ನೀನು ಅಲ್ಲಿ ಕೂತು ಇಲ್ಲಿಗೊಂದು ನದಿ ಕಳಿಸಿದೆ. ನಾನು ಬಳಪ ಹಿಡಿದು ಅದರ ದಡ ಬರೆದೆ. ನಿನ್ನೊಬ್ಬಳನ್ನೇ ಬಯ್ಯುವ ಹಕ್ಕು ನನಗಿಲ್ಲ. ಆದರೂ ಬಯ್ಯುತ್ತಿದ್ದೇನೆ.

ದೀಪ ಆರಿಸಿದ್ದೇನೆ, ಇನ್ನು ಹಾಕುವುದಿಲ್ಲ. ಗೇಟಿಗೆ ಮತ್ತೆ ಬೀಗ ಬಿದ್ದಿದೆ, ಅತ್ತೆ ಮತ್ತೆ ಜಗ್ಗುತ್ತಿದ್ದಾರೆ. ನಿಮ್ಮಣ್ಣ ಹೋಗಿ ಆರೈಕೆ ಮನೆ ನೋಡಿಕೊಂಡು ಬಂದರು. ಶುಚಿಯಾಗಿದೆಯಂತೆ, ಗಾಳಿ ಬೆಳಕು ಇದೆಯಂತೆ. ಜುಲೈ ಕೊನೆಗೆ ಒಂದು ಹಾಸಿಗೆ ಖಾಲಿಯಾಗುತ್ತದಂತೆ, ನಿಮ್ಮಣ್ಣ ಹೂಂ ಅಂದು ಬಂದಿದ್ದಾರೆ. ಅದನ್ನು ಕೇಳಿದಾಗ ನನಗೆ ಒಂದು ಗಳಿಗೆ ಹಗುರವಾಯಿತು. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಅತ್ತಿಗೆ


ಮೇ ೨೯

ಅತ್ತಿಗೆ,

ನಿಮ್ಮ ಕಾಗದ ಬಂದ ದಿನ ಆಟದಲ್ಲಿ ತಪ್ಪು ಮಾಡಿದೆ. ನದಿಯ ದೃಶ್ಯಕ್ಕೆ ಮಿಕ್ಕ ದೀಪ ಆರಿಸಿ ನೆರಳು ಬೀಳಿಸಬೇಕಿತ್ತು. ಕೈ ಏಳಲಿಲ್ಲ. ನಟ ಒಣ ನೆಲದ ಮೇಲೆ ಈಜಿದ, ಜನ ಕೇಕೆ ಹಾಕಿ ನಕ್ಕರು.

ಹಗುರವಾಯಿತು ಅಂದಿರಲ್ಲ, ಅದಕ್ಕೆ ನಿಮ್ಮನ್ನು ಬಯ್ಯುವುದಿಲ್ಲ. ಅಣ್ಣನ ಮುಖ ನೋಡುವುದಿಲ್ಲ ಅಂತ ಬರೆದಿದ್ದೆ. ಅದನ್ನು ಹೇಳಲು ನಾನ್ಯಾರು? ಇರುವವರು ನೀವು, ಹೋದವಳು ನಾನು.

ಒಂದು ಮಾತು ಕೇಳಿ, ಕೊನೆಯ ಸಲ. ಇಷ್ಟು ದಿನ ನಾವು ಅಮ್ಮನನ್ನು ತಡೆಯುವುದು ಹೇಗೆ ಅಂತಲೇ ಯೋಚಿಸಿದೆವು. ಅವಳಿಗೆ ಹೋಗಬೇಕು. ನನ್ನ ಅಂಗಾಲು ಉರಿಯುವಾಗ ಯಾರಾದರೂ ಕೂರು ಅಂದರೆ ನಾನು ಕೂರುತ್ತೇನೆಯೇ? ಅವಳನ್ನು ಹೋಗಲು ಬಿಡಿ. ಆದರೆ ಹೋದ ದಾರಿ ಮನೆಗೇ ಬರಬೇಕು.

ಬಲಗಡೆಯ ಓಣಿ ಖಾಲಿ ಮಾಡಿಸಿ. ಆಗ ಮನೆಗೆ ಸುತ್ತಲೂ ದಾರಿಯಾಗುತ್ತದೆ. ಆ ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದ ದೀಪಗಳು, ತಲೆಗೆ ಟೋಪಿ ಇರುವಂಥವು, ಬೆಳಕು ಕೆಳಕ್ಕೆ ಮಾತ್ರ ಬೀಳಬೇಕು. ಹತ್ತಿರ ಹತ್ತಿರ ಇರಲಿ, ಒಂದರ ಬೆಳಕು ಮುಗಿಯುವ ಮೊದಲೇ ಇನ್ನೊಂದರದು ಶುರುವಾಗಬೇಕು. ನಡುವೆ ಎಲ್ಲೂ ಕಪ್ಪು ಕಾಣಕೂಡದು, ಅಮ್ಮನ ನೆರಳು ಕೂಡ ದಟ್ಟವಾಗಬಾರದು. ಎಲ್ಲವೂ ಹಳದಿ, ಮಂದ. ಗೇಟಿಗೆ ಯಾವ ದೀಪವೂ ಬೇಡ. ಅದಕ್ಕೆ ತಗಡು ಹೊದಿಸಿ ಕಾಂಪೌಂಡಿನದೇ ಬಣ್ಣ ಬಳಿಸಿ. ಎಲ್ಲಕ್ಕಿಂತ ಚೆನ್ನಾದ ಬೆಳಕು ಹಿಂಬಾಗಿಲಿಗೆ. ಹೊತ್ತು ಮುಳುಗುವ ಮೊದಲೇ ತಾನಾಗಿ ಹತ್ತುವ ಹಾಗೆ ಟೈಮರ್ ಹಾಕಿಸಿ. ಬೇರೆಲ್ಲೂ ಏನೂ ಕಾಣದಿದ್ದರೆ ಮನುಷ್ಯರು ದೀಪ ಇರುವ ಕಡೆಗೇ ನಡೆಯುತ್ತಾರೆ. ನನಗೆ ಗೊತ್ತಿರುವುದು ಅದೊಂದೇ.

ಜುಲೈ ಕೊನೆಯವರೆಗೆ ಸಮಯ ಇದೆ. ಅಣ್ಣನನ್ನು ಒಪ್ಪಿಸಿ.

ಬರುತ್ತೇನೆ ಅಂತ ಈ ಸಲ ಬರೆಯುವುದಿಲ್ಲ.

ಕುಳ್ಳಿ


ಜುಲೈ ೬

ಕುಳ್ಳೀ,

ನಿಮ್ಮಣ್ಣ ಒಪ್ಪಿದರು ಅಂತ ಅಲ್ಲ, ಬೇಡ ಅನ್ನಲು ಅವರಿಗೆ ತ್ರಾಣ ಇರಲಿಲ್ಲ. ರಜೆ ಹಾಕಿ ಅವರೇ ಬಲಗಡೆಯ ಓಣಿಯ ತಗಡು ಎಳೆದುಹಾಕಿದರು. ಮುರಿದ ಮಂಚದ ಕೆಳಗೆ ಬೆಕ್ಕೊಂದು ಸಂಸಾರ ಹೂಡಿತ್ತು, ಮರಿಗಳ ಸಮೇತ ಅದಕ್ಕೆ ಬೇರೆ ಮನೆ ಮಾಡಿಕೊಡಬೇಕಾಯಿತು. ಗೊಣಗಪ್ಪ ಮನೆಯ ಸುತ್ತ ಕಾಲುವೆ ತೋಡಿ ಪೈಪು ಇಳಿಸಿದ. "ನಿಮ್ಮ ಮನೆಗೆ ಬಂದಷ್ಟು ಸಲ ನನ್ನ ಅತ್ತೆ ಮನೆಗೂ ಹೋಗಿಲ್ಲ" ಅಂದ. ತಗಡು ಹೊದಿಸಿ ಬಣ್ಣ ಬಳಿದ ಮೇಲೆ ಗೇಟು ಎಲ್ಲಿದೆ ಅಂತ ನನಗೇ ತಡಕಾಡುವ ಹಾಗಾಗಿದೆ.

ಮೊದಲ ಸಂಜೆ ಕೆಟ್ಟಿತು. ಮಧ್ಯಾಹ್ನ ಮಳೆ ಬಂದಿತ್ತು. ಅತ್ತೆ ಎಡ ಓಣಿಯಲ್ಲಿ ಹೊರಟು ಹಿತ್ತಲಿಗೆ ತಲುಪುವಷ್ಟರಲ್ಲಿ ಟ್ರಿಪ್ಪರ್ ಬಿತ್ತು, ಸುತ್ತಲೂ ಕಗ್ಗತ್ತಲು. ಅತ್ತೆ ನಿಂತಲ್ಲೇ ನಿಂತು ಯಾರನ್ನೋ ಕೂಗತೊಡಗಿದರು. ನಾನು ಟಾರ್ಚು ಹಿಡಿದು ಓಡಿದೆ. ನಿಮ್ಮಣ್ಣ ಬಾಗಿಲಲ್ಲಿ ನಿಂತು "ಸಾಕು, ಇನ್ನು ಸಾಕು" ಅಂದರು. ಗೊಣಗಪ್ಪನನ್ನು ಮರುದಿನ ಬೆಳಿಗ್ಗೆ ಹಿಡಿದು ತಂದೆ. ಒಂದು ಜಾಯಿಂಟ್ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಹಾಕುವುದನ್ನೇ ಮರೆತಿದ್ದ, ಒಳಗೆ ನೀರು ನಿಂತಿತ್ತು. "ಟ್ರಿಪ್ಪರ್ ಇರ್ಲಿಲ್ಲ ಅಂದ್ರೆ ಏನಾಗ್ತಿತ್ತು?" ಅಂತ ಕೇಳಿದೆ. ಅವನು ಗೊಣಗಲಿಲ್ಲ. ಅವತ್ತು ಅಷ್ಟೂ ಡಬ್ಬಿ ಬಿಚ್ಚಿ ಮತ್ತೆ ಮುಚ್ಚಿ ಹೋದ.

ಆಮೇಲಿನ ಸಂಜೆ ಮುಗಿಲು ತಿಳಿಯಾಗಿತ್ತು. ದೀಪಗಳು ತಾವಾಗಿ ಹತ್ತಿದವು. ಅತ್ತೆ ದಿಂಬು ಎತ್ತಿಕೊಂಡರು. ನಾನು "ಹೋಗಿಬನ್ನಿ" ಅಂದೆ. ಅವರು ತಿರುಗಿ ನನ್ನನ್ನು ನೋಡಿದ ರೀತಿ! ಎಷ್ಟೋ ಕಾಲದಿಂದ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅಂಗಳಕ್ಕೆ ಇಳಿದರು, ಗೇಟಿನ ಕಡೆ ಒಮ್ಮೆ ನೋಡಿದರು, ಅಲ್ಲಿ ಬರೀ ಗೋಡೆ. ದೀಪದ ಸಾಲು ಹಿಡಿದು ಬಲ ಓಣಿಗೆ ತಿರುಗಿದರು. ನಾನು ಒಳಗಿನಿಂದಲೇ ಕಿಟಕಿಯಿಂದ ಕಿಟಕಿಗೆ ಓಡಿದೆ, ಅಡುಗೆಮನೆ ದಾಟಿ ಹಿಂಬಾಗಿಲಿಗೆ ಬಂದು ಚಿಲಕ ಹಿಡಿದು ನಿಂತೆ.

ಬಾಗಿಲು ತಟ್ಟಿದರು. ತೆಗೆದೆ. ಮುಖದಲ್ಲಿ ಬೆವರು, ದೂರದಿಂದ ನಡೆದು ಬಂದವರ ದಣಿವು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಅಂದರು: "ಅಯ್ಯೋ ಕುಳ್ಳೀ! ನನಗಿಂತ ಮುಂಚೆ ಬಂದ್ಬಿಟ್ಟಿದ್ದೀಯಾ?"

ನನ್ನ ಎತ್ತರಕ್ಕೆ ಕುಳ್ಳಿ ಅಂತೆ! ನಗು ಬರಬೇಕಿತ್ತು. "ಹೂಂ ಅಮ್ಮ, ಬಂದೆ" ಅಂದೆ. ಅವರು ದಿಂಬನ್ನು ನನ್ನ ಕೈಗೆ ಕೊಟ್ಟು, "ಸದ್ಯ, ಎಲ್ಲರೂ ಬಂದ ಹಾಗಾಯ್ತು" ಅಂತ ಒಳಗೆ ಬಂದು ಕೂತರು. ಕೆಲವು ಸಂಜೆ ಇನ್ನೊಂದು ಸುತ್ತು ಹೋಗುತ್ತಾರೆ. ಪ್ರತಿ ಸಲವೂ ಬಾಗಿಲು ತೆಗೆಯುವವಳು ನಾನು, ಪ್ರತಿ ಸಲವೂ ನಾನು ಕುಳ್ಳಿ. ನಿಮ್ಮಣ್ಣ ಆರೈಕೆ ಮನೆಯವರಿಗೆ ಆ ಹಾಸಿಗೆ ಬೇರೆಯವರಿಗೆ ಕೊಡಿ ಅಂದರು. ಮುಂದಿನ ಮಾತು ಮುಂದೆ.

ಈಗ ನಿನಗೆ ಹೇಳಬೇಕಾದದ್ದು. ನಿನ್ನ ಹೆಸರು ನಾನು ತೆಗೆದುಕೊಂಡೆ. ಅವರು ಈಗ ನಿನಗೆ ಕಾಯುತ್ತಿಲ್ಲ. ಅವರಿಗೋಸ್ಕರ ನೀನು ಬರಬೇಕಾಗಿಲ್ಲ, ಆ ಭಾರ ಇಳಿಸಿಕೋ. ನನಗೋಸ್ಕರ ಬಾ. ಅವರು ಸುತ್ತು ಹೋಗಿ ಬರುತ್ತಾರೆ, ಪ್ರೆಸ್ಸಿಗೆ ಹೋಗಿ ನಿಮ್ಮಣ್ಣ ಬರುತ್ತಾರೆ, ನೀನು ಊರೂರು ತಿರುಗುತ್ತೀಯ. ದೀಪ ಹತ್ತುವ ಹೊತ್ತಿಗೆ ಬಾಗಿಲ ಹಿಂದೆ ಚಿಲಕ ಹಿಡಿದು ನಿಲ್ಲುವವಳು ನಾನೊಬ್ಬಳೇ. ಸಂಜೆಯ ಬೀದಿ ಹೇಗಿರುತ್ತದೆ ಅನ್ನುವುದೇ ನನಗೆ ಮರೆತಿದೆ. ಬಟ್ಟೆಯ ಗಂಟು ಇಲ್ಲದೆ, ಓಡದೆ, ಎಲ್ಲಿಗೆ ಅಂತ ಗೊತ್ತಿಲ್ಲದೆ ನನಗೂ ಒಂದು ಸಲ ಹೊರಟುಹೋಗಬೇಕು ಅನ್ನಿಸುತ್ತದೆ. ನಾನು ವಾಪಸ್ ಬರುತ್ತೇನೆ, ಹೆದರಬೇಡ.

ನಿನ್ನ ಅತ್ತಿಗೆ


ಆಗಸ್ಟ್ ೯

ಅತ್ತಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ನಿಮ್ಮ ಮಷಿನ್ನಿನ ಮೇಲೆ ಇಡುತ್ತೇನೆ. ನೀವು ಬಂದಮೇಲೆ ಬಾಯಲ್ಲೇ ಹೇಳಬಹುದು. ಆದರೆ ಬಾಯಿ ತೆರೆದರೆ ಅಳುತ್ತೇನೆ, ನೀವು ಬಯ್ಯುತ್ತೀರಿ, ಜಗಳವಾಗುತ್ತದೆ.

ಇವತ್ತು ಸಂಜೆ ನೀವು ಬರಿಗೈಯಲ್ಲಿ ಗೇಟು ದಾಟಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಹಿಂದಿರುಗಿ ನೋಡದೆ ಹೋದಿರಿ, ಒಳ್ಳೆಯದಾಯಿತು. ಅಮ್ಮ ಮಲಗಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ದೀಪಗಳು ಹತ್ತಿದವು. ಎಷ್ಟು ಚೆನ್ನಾಗಿ ಹಾಕಿಸಿದ್ದೀರಿ ಅತ್ತಿಗೆ, ನೆಲದಲ್ಲಿ ಒಂದು ಚೂರೂ ಕಪ್ಪಿಲ್ಲ. ನಾನೇ ನಿಂತು ಮಾಡಿಸಿದ್ದರೂ ಇಷ್ಟು ಹದ ಬರುತ್ತಿರಲಿಲ್ಲ. ಅಮ್ಮ ಎದ್ದು ದಿಂಬು ಎತ್ತಿಕೊಂಡು, ನನ್ನನ್ನು ನೋಡದೆಯೇ ಹೊರಟಳು. ನಾನು ಹಿಂಬಾಗಿಲ ಚಿಲಕ ಹಿಡಿದು ನಿಂತೆ. ಏನು ಹೇಳಬೇಕು, ಹೇಗೆ ಹೇಳಬೇಕು ಅಂತ ರೈಲಿನಲ್ಲಿ ಬರುವಾಗಲೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

ತಟ್ಟಿದಳು. ತೆಗೆದೆ. "ಅಮ್ಮ" ಅಂದೆ.

ಅವಳು ನನ್ನ ಮುಖ ನೋಡಿದಳು, ನನ್ನ ಹಿಂದೆ ಒಳಗೆಲ್ಲ ಕಣ್ಣಾಡಿಸಿದಳು. ಹೊರಗಿನವರೊಂದಿಗೆ ಮಾತಾಡುವಾಗ ಅವಳಿಗೊಂದು ಮರ್ಯಾದೆಯ ದನಿ ಇದೆಯಲ್ಲ, ಆ ದನಿಯಲ್ಲಿ ಕೇಳಿದಳು: "ಯಾರು ಬೇಕಿತ್ತಮ್ಮ? ನಮ್ಮ ಕುಳ್ಳಿ ಹೊರಗೆ ಹೋಗಿದ್ದಾಳೆ ಅಂತ ಕಾಣುತ್ತೆ. ಎತ್ತರದ ಹುಡುಗಿ, ದಾರೀಲಿ ಸಿಗ್ಲಿಲ್ವಾ?"

ಸಿಕ್ಕಿದಳು ಅಂದೆ. ಇನ್ನೇನು ಹೇಳಲಿ?

"ಹಾಗಾದ್ರೆ ಬರ್ತಾಳೆ. ನೀನು ಒಳಗೆ ಬಾ, ಕೂತ್ಕೊ. ದೂರದಿಂದ ಬಂದ ಹಾಗಿದ್ದೀಯ" ಅಂತ ನನ್ನ ಕೈ ಹಿಡಿದು ನನ್ನ ಮನೆಯೊಳಗೆ ನನ್ನನ್ನು ಕರೆದುಕೊಂಡು ಬಂದಳು. ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದಳು. ನೀರು ಕೊಟ್ಟಳು. ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಂತಿದ್ದಳು. ಸಂಕಟ ಆಗುತ್ತಿದೆ ಅತ್ತಿಗೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಹೆಸರು ವಾಪಸ್ ಕೊಡಿ ಅಂತ ಕೇಳಲು ಬಂದಿಲ್ಲ. ಅದನ್ನು ನೀವೇ ಇಟ್ಟುಕೊಳ್ಳಿ. ಕಂಪನಿಗೆ ಬೇರೆ ದೀಪದವರನ್ನು ನೋಡಿಕೊಳ್ಳಿ ಅಂತ ಹೇಳಿಯೇ ಬಂದಿದ್ದೇನೆ.

ಈಗ ಅವಳು ಇನ್ನೊಂದು ಸುತ್ತು ಹೊರಟಿದ್ದಾಳೆ. ಕತ್ತಲಾಯಿತು, ಒಬ್ಬಳೇ ಹೋಗಬೇಡ ಅಂದೆ. "ನೀನೂ ಬಾ ಮತ್ತೆ" ಅಂದಳು. ಹೋಗುತ್ತಿದ್ದೇನೆ. ನೀವು ನಿಧಾನವಾಗಿ ಬನ್ನಿ, ಬಾಗಿಲು ತೆರೆದೇ ಇರುತ್ತದೆ.

ನಿಮ್ಮ ನಾದಿನಿ